ಪಾಳು ನಿವೇಶನವೂ ನೆರೆಹೊರೆಯ ತೋಟವೂ



ಈ ಸಂಚಿಕೆಗೆ ಪಾಠರೂಪವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ವಿಷಯಕ್ಕಾಗಿ ನಾವು ಬಹುದೂರ ಹುಡುಕಬೇಕಾಗಲಿಲ್ಲ. ನಮ್ಮ ಕೊಠಡಿಯ ಕಿಟಕಿಯಿಂದ ನೋಡಿದರೆ ಶಾಲೆಯ ಹಿಂಗೋಡೆಯಾಚೆ ಒಂದು ಖಾಲಿ ನಿವೇಶನವು ಕಾಣುವುದಷ್ಟೆ. ನಿಮ್ಮಲ್ಲಿ ಅನೇಕರು ಅದನ್ನು ಚೆನ್ನಾಗಿ ಬಲ್ಲಿರಿ. ಚೆಂಡು ಗೋಡೆ ದಾಟಿ ಅಲ್ಲಿ ಬಿದ್ದರೆ ಹೋಗಿ ತರಕೂಡದೆಂದು ನಾವೇ ನಿಮ್ಮನ್ನು ಗದರಿಸಿದ್ದುಂಟು. ಮುರಿದ ಇಟ್ಟಿಗೆ, ಗಾಜಿನ ಚೂರು, ಪ್ಲಾಸ್ಟಿಕ್ ಚೀಲ, ಅವುಗಳ ಸಂದಿನಲ್ಲಿ ಎಕ್ಕ ಮತ್ತು ಪಾರ್ಥೇನಿಯಂ — ಇಷ್ಟೇ ಅಲ್ಲಿನ ಸಂಪತ್ತು. ಮೂರು ವರ್ಷಗಳ ಹಿಂದೆ ನಾವು ಆ ನೆಲದಲ್ಲಿ ತೋಟವನ್ನು ಮಾಡಲೆತ್ನಿಸಿ ಸೋತೆವು. ಆ ಸೋಲಿನ ವೃತ್ತಾಂತವನ್ನು ಪಾಠದ ಕೊನೆಯಲ್ಲಿ ಮರೆಮಾಚದೆ ಹೇಳುವೆವು. ಅದಕ್ಕೆ ಮುಂಚೆ, ಇಂಥ ನೆಲಗಳನ್ನು ಬೇರೆ ದೇಶದ ಪಟ್ಟಣಿಗರು ಹೇಗೆ ತೋಟ ಮಾಡಿದರು, ಮಾಡಿದ್ದನ್ನು ಹೇಗೆ ಕಳೆದುಕೊಂಡರು, ಹೇಗೆ ಉಳಿಸಿಕೊಂಡರು ಎಂಬುದನ್ನು ಕ್ರಮವಾಗಿ ನೋಡೋಣ.

೧. ವಿಷಯದ ಅರ್ಥ

ನಗರದೊಳಗೆ ಯಾವ ಉಪಯೋಗಕ್ಕೂ ಬಾರದೆ ಬಿದ್ದಿರುವ ನೆಲವನ್ನು ಆ ಬೀದಿಯ ನಿವಾಸಿಗಳೇ ಒಟ್ಟುಗೂಡಿ ಶುದ್ಧಮಾಡಿ, ಅಲ್ಲಿ ಕಾಯಿಪಲ್ಯವನ್ನೋ ಹೂವನ್ನೋ ನೆರಳಿನ ಮರವನ್ನೋ ಬೆಳೆಸಿ, ಶ್ರಮವನ್ನೂ ಫಲವನ್ನೂ ಹಂಚಿಕೊಳ್ಳುವುದಕ್ಕೆ ನೆರೆಹೊರೆಯ ತೋಟವೆಂದು ಹೆಸರಿಡಬಹುದು. ಇದು ಹಿತ್ತಿಲಲ್ಲ, ಹಿತ್ತಿಲು ಒಂದೇ ಮನೆಯ ಸ್ವತ್ತು. ಇದು ನಗರಸಭೆಯ ಉದ್ಯಾನವೂ ಅಲ್ಲ; ಉದ್ಯಾನದಲ್ಲಿ ಸಂಬಳದ ಮಾಲಿಯು ದುಡಿಯುವನು, ನಾವು ಬೆಂಚಿನ ಮೇಲೆ ಕುಳಿತು ನೋಡುವೆವು. ನೆರೆಹೊರೆಯ ತೋಟಕ್ಕೆ ಮೂರು ಲಕ್ಷಣಗಳುಂಟು: ದುಡಿಮೆ ಬೀದಿಯವರದು, ಬೆಳೆ ಬೀದಿಯವರದು, ಆದರೆ ನೆಲವು ಸಾಮಾನ್ಯವಾಗಿ ಅವರದಲ್ಲ. ಈ ಮೂರನೆಯ ಲಕ್ಷಣದಲ್ಲಿಯೇ ಇಡೀ ಪಾಠದ ಗಂಟು ಇರುವುದು. ಅದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿರಿ.

೨. ಡೆಟ್ರಾಯಿಟ್ ನಗರದ ಆಲೂಗಡ್ಡೆ ತೋಟಗಳು

೧೮೯೩ನೆಯ ಇಸವಿಯಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬ್ಯಾಂಕುಗಳು ಮುರಿದು ಬಿದ್ದು, ಕಾರ್ಖಾನೆಗಳು ಮುಚ್ಚಿ, ಕೂಲಿಕಾರರು ಲಕ್ಷಗಟ್ಟಲೆಯಾಗಿ ಕೆಲಸ ಕಳೆದುಕೊಂಡರು. ಮಿಚಿಗನ್ ಸಂಸ್ಥಾನದ ಡೆಟ್ರಾಯಿಟ್ ನಗರಕ್ಕೆ ಆಗ ಹೇಜನ್ ಪಿಂಗ್ರಿ ಎಂಬವರು ಮೇಯರ್ ಆಗಿದ್ದರು. ಪಾದರಕ್ಷೆಯ ಕಾರ್ಖಾನೆ ನಡೆಸಿ ಮೇಲೆ ಬಂದವರಾದುದರಿಂದ ಕೂಲಿಯವರ ಕಷ್ಟವನ್ನು ಅವರು ಕಣ್ಣಾರೆ ಕಂಡಿದ್ದರು. ನಗರದ ಅಂಚಿನಲ್ಲಿ ಎಕರೆಗಟ್ಟಲೆ ನೆಲವು ಬರಿದಾಗಿತ್ತು. ಬೆಲೆ ಏರಲೆಂದು ಒಡೆಯರು ಅದನ್ನು ಹಾಗೆಯೇ ಇಟ್ಟುಕೊಂಡು ಕಾಯುತ್ತಿದ್ದರು. ಒಂದೆಡೆ ಕೆಲಸವಿಲ್ಲದ ಕೈಗಳು, ಇನ್ನೊಂದೆಡೆ ಬೆಳೆಯಿಲ್ಲದ ನೆಲ. ಇವೆರಡನ್ನೂ ಕೂಡಿಸಬಾರದೇಕೆ ಎಂದು ಪಿಂಗ್ರಿಯವರು ಯೋಚಿಸಿ, ೧೮೯೪ರಲ್ಲಿ ಒಡೆಯರನ್ನು ಕೇಳಿ ನೆಲವನ್ನು ಎರವಲಾಗಿ ಪಡೆದರು.

ಪತ್ರಿಕೆಗಳು ಅವರನ್ನು ಹಾಸ್ಯಮಾಡಿದವು. ಬಡವರು ಸೋಮಾರಿಗಳು, ಅವರಿಂದ ಅಗೆತವಾಗದು ಎಂದು ಸಿರಿವಂತರು ನಕ್ಕರು. ಬೀಜಕ್ಕೂ ಉಳುಮೆಗೂ ಹಣ ಬೇಕೆಂದು ಚರ್ಚುಗಳಲ್ಲಿ ಕಾಣಿಕೆ ಎತ್ತಿಸಿದರೆ ಬಂದದ್ದು ಅತ್ಯಲ್ಪ. ಈ ಸಂಗತಿಯನ್ನು ಬರೆಯುವಾಗ ನಮಗೂ ಲಜ್ಜೆಯಾಗುತ್ತದೆ. ಕೊನೆಗೆ ಪಿಂಗ್ರಿಯವರು ತಮ್ಮ ಪ್ರೀತಿಯ ಕುದುರೆಯನ್ನೇ ಹರಾಜಿಗಿಟ್ಟು ಹಣ ಕೂಡಿಸಿದರು. ಆ ವರ್ಷ ಸುಮಾರು ೪೩೦ ಎಕರೆ ನೆಲವನ್ನು ೯೪೫ ಕುಟುಂಬಗಳಿಗೆ ಹಂಚಲಾಯಿತು. ಪೋಲೆಂಡ್, ಜರ್ಮನಿ ಮುಂತಾದ ದೇಶಗಳಿಂದ ವಲಸೆ ಬಂದ ಅನೇಕರು ಮಣ್ಣಿನ ಕೆಲಸವನ್ನು ತಿಳಿದವರೇ. ಆಲೂಗಡ್ಡೆ, ಹುರುಳಿಕಾಯಿ, ಟರ್ನಿಪ್ ಗಡ್ಡೆ ಬೆಳೆದು ಆ ಚಳಿಗಾಲವನ್ನು ಅವರು ದಾಟಿದರು. ನಕ್ಕ ಪತ್ರಿಕೆಗಳೇ ಮರುವರ್ಷ ಹೊಗಳಿದವು. ಇತರ ನಗರಗಳು ಈ ಕ್ರಮವನ್ನು ಅನುಸರಿಸಿದವು. ಫಿಲಡೆಲ್ಫಿಯಾದಲ್ಲಿ ೧೮೯೭ರಲ್ಲಿ ಖಾಲಿ ನಿವೇಶನಗಳ ಬೇಸಾಯಕ್ಕಾಗಿಯೇ ಒಂದು ಸಂಘವು ಹುಟ್ಟಿತು.

ಆದರೆ ಒಳ್ಳೆಯ ಕಾಲ ಮರಳಿ ಬಂದಾಗ ನಡೆದದ್ದೇನು? ನೆಲದ ಬೆಲೆ ಏರಿತು, ಒಡೆಯರು ತಮ್ಮ ನೆಲವನ್ನು ಹಿಂದಕ್ಕೆ ಕೇಳಿದರು, ತೋಟಗಳು ಅಳಿದವು. ಅದರಲ್ಲಿ ಯಾರ ಮೋಸವೂ ಇರಲಿಲ್ಲ, ಏಕೆಂದರೆ ಕೊಟ್ಟದ್ದೇ ಎರವಲು. ಕಷ್ಟಕಾಲದಲ್ಲಿ ದೊರೆತ ನೆಲವು ಸುಖಕಾಲದಲ್ಲಿ ಕೈತಪ್ಪುವುದೆಂಬ ಈ ಸಂಗತಿಯನ್ನು ಒಂದನೆಯ ಪಾಠವೆಂದು ಗುರುತು ಮಾಡಿಕೊಳ್ಳಿರಿ.

೩. ಯುದ್ಧಕಾಲದ ತೋಟಗಳು

ಎರಡನೆಯ ಮಹಾಯುದ್ಧದಲ್ಲಿ ಇದೇ ಕಥೆಯು ದೊಡ್ಡ ಪ್ರಮಾಣದಲ್ಲಿ ನಡೆಯಿತು. ೧೯೩೯ರಿಂದ ಇಂಗ್ಲೆಂಡಿನ ಸರಕಾರವು ಪ್ರಜೆಗಳೆಲ್ಲರೂ ಅಗೆದು ಬೆಳೆಯಬೇಕೆಂದು ಕರೆಕೊಟ್ಟಿತು. ಲಂಡನ್ನಿನ ಹಳೆಯ ಕೋಟೆಯ ಕಂದಕದಲ್ಲಿಯೂ ಕಾಯಿಪಲ್ಯವು ಬೆಳೆಯಿತು. ಅಮೇರಿಕದಲ್ಲಿ ೧೯೪೩ರ ಹೊತ್ತಿಗೆ ಅಂಥ ತೋಟಗಳು ಸುಮಾರು ೨ ಕೋಟಿ ಇದ್ದುವೆಂದೂ, ದೇಶಕ್ಕೆ ಬೇಕಾದ ಹಸಿ ತರಕಾರಿಯಲ್ಲಿ ನೂರಕ್ಕೆ ೪೦ ಪಾಲು ಅವುಗಳಿಂದಲೇ ಬಂದಿತೆಂದೂ ಅಂದಾಜು. ಯುದ್ಧ ಮುಗಿದ ಮೇಲೆ ಇವುಗಳಲ್ಲಿ ಬಹುಭಾಗವು ಕಣ್ಮರೆಯಾಯಿತು. ಬಾಸ್ಟನ್ ನಗರದ ಫೆನ್‌ವೇ ಎಂಬಲ್ಲಿ ೧೯೪೨ರಲ್ಲಿ ಆರಂಭವಾದ ಸುಮಾರು ೭ ಎಕರೆಯ ತೋಟದಂಥ ಕೆಲವು ಮಾತ್ರ, ಅಲ್ಲಿಯ ತೋಟಗಾರರು ಸಂಘ ಕಟ್ಟಿಕೊಂಡು ಹಟ ಹಿಡಿದುದರಿಂದ, ಇಂದಿಗೂ ಉಳಿದಿವೆ. ಉಳಿದದ್ದು ಏಕೆ ಉಳಿಯಿತು ಎಂಬುದನ್ನು ಈಗ ನ್ಯೂಯಾರ್ಕ್ ನಗರದ ಚರಿತ್ರೆಯಲ್ಲಿ ವಿಸ್ತಾರವಾಗಿ ನೋಡುವೆವು.

೪. ನ್ಯೂಯಾರ್ಕಿನ ಪಾಳು ಬೀದಿಗಳು

ನ್ಯೂಯಾರ್ಕ್ ಎಂದೊಡನೆ ಮುಗಿಲು ಮುಟ್ಟುವ ಕಟ್ಟಡಗಳು ನಮ್ಮ ಕಣ್ಣಮುಂದೆ ನಿಲ್ಲುವುವು. ೧೯೭೦ರ ದಶಕದಲ್ಲಿ ಆ ನಗರದ ಬಡವರ ಕೇರಿಗಳಿಗೆ ಹೋದವರಿಗೆ ಕಂಡದ್ದು ಬೇರೆ. ನಗರದ ಬೊಕ್ಕಸವು ಬರಿದಾಗಿತ್ತು. ೧೯೭೫ರಲ್ಲಿ ಅದು ದಿವಾಳಿಯ ಅಂಚಿಗೇ ಬಂದಿತ್ತು. ಬಾಡಿಗೆ ಹುಟ್ಟದ ಮನೆಗಳನ್ನು ಒಡೆಯರು ತೊರೆದುಹೋದರು. ಎಷ್ಟೋ ಮನೆಗಳು ಬೆಂಕಿಗೆ ಆಹುತಿಯಾದವು. ತೆರಿಗೆ ಸಲ್ಲದ ಸ್ವತ್ತುಗಳು ನಗರಸಭೆಯ ವಶಕ್ಕೆ ಬಂದು, ಕಟ್ಟಡಗಳು ಕೆಡವಲ್ಪಟ್ಟು, ಸಾವಿರಾರು ನಿವೇಶನಗಳು ಬರಿದಾಗಿ ನಿಂತವು. ಅವುಗಳಲ್ಲಿ ಕಸ ತುಂಬಿತು, ಇಲಿ ತುಂಬಿತು, ಕಳ್ಳರು ಸೇರಿಕೊಂಡರು. ಮಕ್ಕಳನ್ನು ಹೊರಗೆ ಬಿಡಲು ತಾಯಂದಿರು ಹೆದರಿದರು.

ಇಂಥ ಕಾಲದಲ್ಲಿ ಕೆಲಸಕ್ಕೆ ಕೈಯಿಕ್ಕಿದವರಲ್ಲಿ ಇಬ್ಬರು ಸ್ತ್ರೀಯರ ಹೆಸರನ್ನು ನಮ್ಮ ಹುಡುಗಿಯರು ತಿಳಿದಿರಬೇಕು.

ಮೊದಲನೆಯವರು ಬ್ರೂಕ್ಲಿನ್ ಭಾಗದ ಬೆಡ್‌ಫರ್ಡ್ ಸ್ಟೈವಿಸೆಂಟ್ ಕೇರಿಯ ಹ್ಯಾಟಿ ಕಾರ್ಥನ್. ೧೯೦೦ರಲ್ಲಿ ಹುಟ್ಟಿದ ಈ ಕರಿಯ ಮಹಿಳೆಯು ಅರವತ್ತರ ವಯಸ್ಸಿನಲ್ಲಿ, ತಮ್ಮ ಬೀದಿಯ ಮರಗಳು ಒಂದೊಂದಾಗಿ ಸಾಯುತ್ತಿರುವುದನ್ನು ನೋಡಿ ಸಹಿಸಲಾರದೆ ನೆರೆಯವರನ್ನು ಸೇರಿಸಿ ಸಂಘವನ್ನು ಕಟ್ಟಿದರು. ಆ ಕೇರಿಯಲ್ಲಿ ಒಂದು ಮ್ಯಾಗ್ನೋಲಿಯಾ ಮರವಿತ್ತು. ಬೆಚ್ಚನೆಯ ದಕ್ಷಿಣದ ಆ ಮರವನ್ನು ಸುಮಾರು ೧೮೮೫ರಲ್ಲಿ ಯಾರೋ ಸಸಿಯಾಗಿ ತಂದು ನೆಟ್ಟಿದ್ದರು. ಅಷ್ಟು ಉತ್ತರದ ಚಳಿಯಲ್ಲಿ ಅದು ಬದುಕಿದ್ದೇ ಒಂದು ಆಶ್ಚರ್ಯ. ಹೊಸ ಕಟ್ಟಡಗಳಿಗಾಗಿ ಅದು ಹೋಗುವುದರಲ್ಲಿತ್ತು. ಹ್ಯಾಟಿಯಮ್ಮನವರು ಬೆನ್ನುಬಿಡದೆ ಹೋರಾಡಿದುದರ ಫಲವಾಗಿ ೧೯೭೦ರಲ್ಲಿ ನಗರವು ಆ ಮರವನ್ನು ರಕ್ಷಿತ ಸ್ಮಾರಕವೆಂದು ಸಾರಿತು. ಮಕ್ಕಳಿಗೆ ಮರಗಳ ಆರೈಕೆಯನ್ನು ಕಲಿಸುವ ಒಂದು ಪಡೆಯನ್ನೂ ಅವರು ಕಟ್ಟಿದರು. ಅರವತ್ತು ದಾಟಿದ ಮೇಲೆ ಇನ್ನೇನು ಸಾಧ್ಯವೆನ್ನುವವರು ಇವರನ್ನು ಸ್ಮರಿಸಲಿ.

ಎರಡನೆಯವರು ಲಿಜ್ ಕ್ರಿಸ್ಟಿ ಎಂಬ ಚಿತ್ರಕಾರ್ತಿ. ಮ್ಯಾನ್‌ಹಟನ್ನಿನ ಬಾವರಿ ಮತ್ತು ಹ್ಯೂಸ್ಟನ್ ಬೀದಿಗಳು ಕೂಡುವ ಮೂಲೆಯಲ್ಲಿದ್ದ ಕಸದ ನಿವೇಶನವನ್ನು ಇವರು ಸಂಗಡಿಗರೊಡನೆ ೧೯೭೩ರಲ್ಲಿ ಶುದ್ಧಮಾಡತೊಡಗಿದರು. ಈ ಗುಂಪಿಗೆ ಗ್ರೀನ್ ಗೆರಿಲ್ಲಾಸ್ ಎಂದು ಹೆಸರು. ಹಸುರಿನ ದಳದವರು ಎನ್ನೋಣ. ಒಳಗೆ ಹೋಗಲಾಗದ ನಿವೇಶನಗಳಿಗೆ ಅವರು ಬೀಜ, ಗೊಬ್ಬರ, ನೀರು ತುಂಬಿದ ಬಲೂನುಗಳನ್ನು ಬೇಲಿಯ ಮೇಲಿಂದ ಎಸೆಯುತ್ತಿದ್ದರಂತೆ. ಇದು ವಿನೋದವಾಗಿ ಕಂಡರೂ ಮುಂದಿನ ಹೆಜ್ಜೆಯು ಬಹು ಗಂಭೀರವಾದುದು. ಅವರು ನಗರಸಭೆಯ ಕಚೇರಿಗೆ ಹೋಗಿ ಅನುಮತಿ ಕೇಳಿದರು. ೧೯೭೪ರಲ್ಲಿ ತಿಂಗಳಿಗೆ ಒಂದು ಡಾಲರ್ ಬಾಡಿಗೆಯ ಮೇಲೆ ಆ ನೆಲವು ಅವರಿಗೆ ದೊರಕಿತು. ಅರುವತ್ತು ಮಡಿಗಳನ್ನು ಮಾಡಿ ಕಾಯಿಪಲ್ಯ ಬೆಳೆದರು. ಲಿಜ್ ಕ್ರಿಸ್ಟಿಯವರು ೧೯೮೫ರಲ್ಲಿ ತೀರಿಕೊಂಡರು. ಆ ತೋಟವು ಈಗ ಅವರ ಹೆಸರಿನಲ್ಲಿಯೇ ಇದೆ.

ಒಂದು ದೀಪದಿಂದ ನೂರು ದೀಪ ಹತ್ತಿದಂತೆ ಕೇರಿಕೇರಿಗಳಲ್ಲಿ ತೋಟಗಳು ಎದ್ದವು. ಪೋರ್ಟೊ ರೀಕೊ ದ್ವೀಪದಿಂದ ಬಂದವರು ತಮ್ಮ ತೋಟಗಳಲ್ಲಿ ಊರಿನ ರೀತಿಯ ಚಿಕ್ಕ ಮರದ ಮನೆಗಳನ್ನು ಕಟ್ಟಿ, ಸಂಜೆಯ ಹೊತ್ತು ಅಲ್ಲಿ ಹಾಡಿ ಕುಣಿದರು. ದಕ್ಷಿಣ ಸಂಸ್ಥಾನಗಳಿಂದ ಬಂದ ಕರಿಯ ಅಜ್ಜಿಯರು ತಮ್ಮ ತಾಯಿಮನೆಯ ಸೊಪ್ಪನ್ನು ಬಿತ್ತಿದರು. ೧೯೭೮ರಲ್ಲಿ ನಗರಸಭೆಯು ಗ್ರೀನ್ ಥಂಬ್ ಎಂಬ ವಿಭಾಗವನ್ನು ತೆರೆದು, ವರ್ಷಕ್ಕೆ ಒಂದು ಡಾಲರ್ ಗೇಣಿಗೆ ನಿವೇಶನಗಳನ್ನು ಕೊಡತೊಡಗಿತು. ಅದೇ ವಿಭಾಗವು ಇಂದು ೫೫೦ಕ್ಕೂ ಮಿಕ್ಕ ತೋಟಗಳಿಗೆ ಬೆಂಬಲವಾಗಿದೆ.

೫. ತೋಟಕ್ಕೆ ಬಂದ ಗಂಡಾಂತರ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಇದು ಮಕ್ಕಳ ಪುಸ್ತಕಕ್ಕೆ ಯೋಗ್ಯವಾದ ಸುಖಾಂತವಾಗುತ್ತಿತ್ತು. ಆದರೆ ಡೆಟ್ರಾಯಿಟಿನಲ್ಲಿ ಕಂಡ ನಿಯಮವು ಇಲ್ಲಿಯೂ ತಪ್ಪಲಿಲ್ಲ. ತೋಟಗಳಿಂದ ಬೀದಿಗಳು ಶುದ್ಧವಾದವು, ಭಯ ದೂರವಾಯಿತು, ಜನರು ಮತ್ತೆ ಆ ಕೇರಿಗಳಲ್ಲಿ ಮನೆ ಹುಡುಕತೊಡಗಿದರು. ನ್ಯೂಯಾರ್ಕಿನ ತೋಟಗಳನ್ನು ಪರಿಶೀಲಿಸಿದ ವಿಕಿ ಬೀನ್, ಇಯೋನ್ ವೋಯ್ಕು ಎಂಬ ವಿದ್ವಾಂಸರು ೨೦೦೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತೋಟವಾದ ಮೇಲೆ ಸುತ್ತಣ ಸ್ವತ್ತುಗಳ ಬೆಲೆ ಏರುವುದೆಂದೂ, ಅತ್ಯಂತ ಬಡ ಕೇರಿಗಳಲ್ಲಿಯೇ ಈ ಏರಿಕೆ ಹೆಚ್ಚೆಂದೂ ತೋರಿಸಿರುವರು. ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿರಿ. ತೋಟಗಾರರ ಬೆವರೇ ನೆಲದ ಬೆಲೆಯನ್ನು ಏರಿಸಿತು. ಏರಿದ ಬೆಲೆಯೇ ಅವರನ್ನು ಆ ನೆಲದಿಂದ ಏಳಿಸಲು ಕಾರಣವಾಯಿತು.

೧೯೯೦ರ ದಶಕದಲ್ಲಿ ನಗರಾಡಳಿತವು ಅನೇಕ ತೋಟಗಳನ್ನು ಮಾರಿಬಿಡಲು ನಿಶ್ಚಯಿಸಿತು. ಆಡಳಿತದವರ ವಾದವನ್ನೂ ನ್ಯಾಯವಾಗಿ ಹೇಳಬೇಕು: ನಗರದಲ್ಲಿ ಮನೆಯಿಲ್ಲದವರಿದ್ದಾರೆ, ನಗರದ ನೆಲದಲ್ಲಿ ಮನೆ ಕಟ್ಟಬಾರದೇ ಎಂದು ಅವರು ಕೇಳಿದರು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ತೋಟಗಾರರು ಕೊಟ್ಟ ಉತ್ತರವೂ ತೂಕವಾದುದೇ: ಇನ್ನೂ ಸಾವಿರಾರು ನಿವೇಶನಗಳು ಕಸ ತುಂಬಿ ಬಿದ್ದಿರಲು, ನಾವು ಇಪ್ಪತ್ತು ವರ್ಷ ಸಾಕಿದ ಇವೇ ಏಕೆ? ಹರಾಜಾದ ನೆಲದಲ್ಲಿ ಏಳುವ ಮನೆಗಳು ಬಡವರಿಗೇ ಸಲ್ಲುವುವೆಂಬ ಭರವಸೆ ಎಲ್ಲಿದೆ? ಮನೆಯೂ ಬೇಕು, ಮಗುವಿಗೆ ಹಸುರೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುವುದು ಉಪಕಾರವೆನಿಸದು.

೧೯೯೯ರ ಮೇ ತಿಂಗಳಿನಲ್ಲಿ ನೂರಕ್ಕೂ ಹೆಚ್ಚು ತೋಟಗಳು ಹರಾಜಿಗೆ ಬರಲಿದ್ದವು. ತೋಟಗಾರರು ಮೆರವಣಿಗೆ ಮಾಡಿದರು, ಗಿಡಹೂಗಳ ವೇಷ ತೊಟ್ಟು ಬೀದಿಗಿಳಿದರು, ನ್ಯಾಯಾಲಯದ ಬಾಗಿಲು ತಟ್ಟಿದರು. ಹರಾಜಿಗೆ ಸ್ವಲ್ಪ ಮುಂಚೆ ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಸಂಸ್ಥೆಯೂ, ಗಾಯಕಿ ಬೆಟ್ ಮಿಡ್ಲರ್ ಅವರು ೧೯೯೫ರಲ್ಲಿ ಸ್ಥಾಪಿಸಿದ್ದ ನ್ಯೂಯಾರ್ಕ್ ರೆಸ್ಟೊರೇಷನ್ ಪ್ರಾಜೆಕ್ಟ್ ಎಂಬ ಸಂಸ್ಥೆಯೂ ಒಟ್ಟು ಸುಮಾರು ೪೨ ಲಕ್ಷ ಡಾಲರ್ ಕೊಟ್ಟು ಅವನ್ನು ಕೊಂಡು ಉಳಿಸಿದವು.

ಎಲ್ಲ ತೋಟಗಳಿಗೂ ಆ ಭಾಗ್ಯವಿರಲಿಲ್ಲ. ಪೂರ್ವ ಏಳನೆಯ ಬೀದಿಯಲ್ಲಿ ೧೯೭೭ರಿಂದ ಪೋರ್ಟೊ ರೀಕೊದವರು ಬೆಳೆಸಿದ್ದ ಒಂದು ತೋಟವಿತ್ತು. ಅದರ ಹೆಸರು ಎಸ್ಪೆರಾನ್ಸಾ. ಸ್ಪ್ಯಾನಿಷ್ ಭಾಷೆಯಲ್ಲಿ ನಿರೀಕ್ಷೆ ಎಂದರ್ಥ. ಅದನ್ನು ಕಾಯಲೆಂದು ಜನರು ತಮ್ಮ ನಾಡಿನ ಚಿಕ್ಕ ಕಪ್ಪೆಯೊಂದರ ದೊಡ್ಡ ಪ್ರತಿಮೆಯನ್ನು ಮಾಡಿ, ಅದರೊಳಗೆ ಕುಳಿತು ಚಳಿಗಾಲದ ರಾತ್ರಿಗಳಲ್ಲಿ ಪಾಳಿಯ ಮೇಲೆ ಕಾವಲಿದ್ದರು. ೨೦೦೦ದ ಫೆಬ್ರವರಿ ೧೫ರಂದು ಯಂತ್ರಗಳು ಬಂದು ಒಂದೇ ದಿನದಲ್ಲಿ ಆ ತೋಟವನ್ನು ನೆಲಸಮ ಮಾಡಿದವು. ಇಪ್ಪತ್ತೆರಡು ವರ್ಷಗಳ ಮಣ್ಣು ಅದು. ಕೊನೆಗೆ ೨೦೦೨ರಲ್ಲಿ ನಗರಕ್ಕೂ ಸಂಸ್ಥಾನಕ್ಕೂ ಒಪ್ಪಂದವಾಗಿ, ಕೆಲವು ನಿವೇಶನಗಳು ಮನೆಗಳಿಗೆ ಹೋದವು, ನೂರಾರು ತೋಟಗಳು ಉಳಿದವು. ಆ ಒಪ್ಪಂದವನ್ನು ಕಾಣಲು ಎಸ್ಪೆರಾನ್ಸಾ ಇರಲಿಲ್ಲ.

ಎರಡನೆಯ ಪಾಠ ಇದು: ಪ್ರೀತಿಯಿಂದ ತೋಟ ಹುಟ್ಟುವುದು, ಕಾಗದದಿಂದ ಅದು ಉಳಿಯುವುದು. ಗೇಣಿಯ ಪತ್ರ, ನೋಂದಾಯಿತ ಸಂಘ, ನೆಲವನ್ನು ಜನರ ಹೆಸರಿನಲ್ಲಿ ಹಿಡಿದಿಡುವ ಧರ್ಮದತ್ತಿ — ಇವು ಒಣ ಮಾತುಗಳೆಂದು ತೋರಿದರೂ ಬೇರಿಗೆ ಮಣ್ಣಿದ್ದಂತೆ.

೬. ಮಣ್ಣು, ಗೊಬ್ಬರ, ನೀರು

ಇನ್ನು ಕೈಕೆಲಸದ ಭಾಗಕ್ಕೆ ಬರೋಣ. ಪಟ್ಟಣದ ಪಾಳು ನೆಲವು ಹೊಲದ ಮಣ್ಣಿನಂತಲ್ಲ. ಕೆಡವಿದ ಕಟ್ಟಡದ ಸುಣ್ಣ ಗಾರೆಯಿಂದ ಮಣ್ಣಿನಲ್ಲಿ ಕ್ಷಾರವು ಹೆಚ್ಚಿರುವುದು. ಅದಕ್ಕಿಂತ ದೊಡ್ಡ ಅಪಾಯ ಸೀಸ. ಹಳೆಯ ಬಣ್ಣಗಳಲ್ಲಿ ಸೀಸವಿತ್ತು. ಮೋಟಾರುಗಳ ಪೆಟ್ರೋಲಿನಲ್ಲಿಯೂ ಇತ್ತು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟವು ೨೦೦೦ದಲ್ಲಿ ನಿಂತಿತು; ಲೋಕದಲ್ಲೆಲ್ಲ ಅದು ನಿಂತದ್ದು ೨೦೨೧ರಲ್ಲಿ. ಆದರೆ ಮಣ್ಣಿಗೆ ಬಿದ್ದ ಸೀಸವು ಕರಗಿ ಹೋಗುವಂಥದಲ್ಲ, ಬಹುಕಾಲ ಮೇಲ್ಪದರದಲ್ಲಿಯೇ ನಿಲ್ಲುವುದು. ಚಿಕ್ಕ ಮಕ್ಕಳ ಮಿದುಳಿಗೆ ಅದು ಹಾನಿಕರ. ಇಷ್ಟು ಸೀಸವಾದರೆ ಬಾಧಕವಿಲ್ಲವೆಂಬ ಮಟ್ಟವೇ ಇಲ್ಲವೆಂದು ಲೋಕಾರೋಗ್ಯ ಸಂಸ್ಥೆಯವರು ತಿಳಿಸಿರುವರು. ಆದಕಾರಣ ಹಳೆಯ ಕಟ್ಟಡವಿದ್ದ ಅಥವಾ ದೊಡ್ಡ ರಸ್ತೆಯ ಅಂಚಿನ ನಿವೇಶನವಾದರೆ ಮೊದಲು ಮಣ್ಣಿನ ಪರೀಕ್ಷೆ ಮಾಡಿಸತಕ್ಕದ್ದು. ರೈತರಿಗಾಗಿ ಮಾಡುವ ಸಾಮಾನ್ಯ ಪರೀಕ್ಷೆಯಲ್ಲಿ ಸೀಸವನ್ನು ನೋಡುವುದಿಲ್ಲ. ಅದನ್ನು ಹೆಸರು ಹೇಳಿ ಕೇಳಬೇಕು.

ಇದಕ್ಕೆ ಪರಿಹಾರವು ಎತ್ತರದ ಮಡಿ. ನೆಲದ ಮೇಲೆ ದಪ್ಪ ಗೋಣಿಯನ್ನು ಹಾಸಿ, ಸುತ್ತಲೂ ಇಟ್ಟಿಗೆ ಕಟ್ಟಿ, ಒಳಗೆ ಬೇರೆಡೆಯಿಂದ ತಂದ ಒಳ್ಳೆಯ ಮಣ್ಣನ್ನೂ ಗೊಬ್ಬರವನ್ನೂ ಒಂದಡಿ ಎತ್ತರಕ್ಕೆ ತುಂಬುವುದು. ೧೯೯೧ರಲ್ಲಿ ಸೋವಿಯತ್ ಒಕ್ಕೂಟವು ಮುರಿದು, ಕ್ಯೂಬಾ ದೇಶಕ್ಕೆ ಎಣ್ಣೆಯೂ ರಸಗೊಬ್ಬರವೂ ಬರುವುದು ನಿಂತಾಗ, ಹವಾನಾ ನಗರದ ಜನರು ಹೊಟ್ಟೆ ತುಂಬಿಸಿಕೊಳ್ಳಲು ಖಾಲಿ ನಿವೇಶನಗಳಲ್ಲಿ ಮಾಡಿದ್ದು ಇದೇ ಬಗೆಯ ಮಡಿಗಳನ್ನು. ಮಡಿಯ ಅಗಲವು ನಾಲ್ಕು ಅಡಿಗೆ ಮೀರಬಾರದು. ಎರಡು ಬದಿಯಿಂದಲೂ ಕೈಯು ನಡುವಿಗೆ ಎಟುಕಬೇಕು, ಮಣ್ಣನ್ನು ತುಳಿಯಬಾರದು. ಹತ್ತಡಿ ಉದ್ದ, ನಾಲ್ಕಡಿ ಅಗಲ, ಒಂದಡಿ ಎತ್ತರದ ಮಡಿಗೆ ೪೦ ಘನ ಅಡಿ ಮಣ್ಣು ಬೇಕೆಂದು ನಮ್ಮ ಏಳನೆಯ ತರಗತಿಯ ಹುಡುಗಿಯೂ ಲೆಕ್ಕ ಹೇಳಬಲ್ಲಳು.

ಗೊಬ್ಬರವು ಅಡಿಗೆಮನೆಯಿಂದಲೇ ಬರಲಿ. ತರಕಾರಿಯ ಸಿಪ್ಪೆ ಒಂದು ಪಾಲಾದರೆ ಒಣಗಿದ ಎಲೆ ಎರಡು ಮೂರು ಪಾಲು. ಹಸಿಯದೇ ಹೆಚ್ಚಾದರೆ ಕೊಳೆತು ನಾರುವುದು. ಒಣಗಿದ್ದೇ ಹೆಚ್ಚಾದರೆ ಮಾಗದು. ಒದ್ದೆ ಬಟ್ಟೆ ಹಿಂಡಿದಷ್ಟು ತೇವವಿಟ್ಟು, ವಾರಕ್ಕೊಮ್ಮೆ ಮೇಲೆ ಕೆಳಗೆ ಮಾಡಿದರೆ ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕರಿ ಗೊಬ್ಬರವು ಸಿದ್ಧವಾಗುವುದು.

ಮೊದಲ ಬೆಳೆಗೆ ಬೇಗ ಬರುವುದನ್ನೇ ಆರಿಸಿರಿ. ಹೊಸ ತೋಟಗಾರರಿಗೆ ಉತ್ಸಾಹವು ಗೊಬ್ಬರದಷ್ಟೇ ಅವಶ್ಯಕ. ಮೆಂತ್ಯದ ಸೊಪ್ಪು, ದಂಟಿನ ಸೊಪ್ಪು ಒಂದು ತಿಂಗಳೊಳಗೆ ಕೈಗೆ ಬರುವುವು. ಬೆಂಡೆಗೆ ಸುಮಾರು ಒಂದೂವರೆ ತಿಂಗಳು ಬೇಕು. ಅಲಸಂದೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಅದನ್ನು ನಡುನಡುವೆ ಬಿತ್ತುವುದು ಜಾಣತನ. ಮಣ್ಣಿನ ವಿಷಯದಲ್ಲಿ ಸಂಶಯವಿದ್ದರೆ ಸೊಪ್ಪು ಗಡ್ಡೆಗಳನ್ನು ಬಿಟ್ಟು ಬೆಂಡೆ, ಬದನೆಗಳಂಥ ಕಾಯಿಗಳನ್ನು ಬೆಳೆಯಿರಿ; ಕಾಯಿಗಳಲ್ಲಿ ಸೀಸವು ಸೇರುವುದು ಕಡಿಮೆ. ಯಾವುದನ್ನಾದರೂ ಚೆನ್ನಾಗಿ ತೊಳೆದೇ ಅಡಿಗೆಗೆ ಬಳಸತಕ್ಕದ್ದು.

ನೀರಿನ ಲೆಕ್ಕವನ್ನು ಮೊದಲೇ ಮಾಡಬೇಕು. ಮಡಿಗೆ ವಾರಕ್ಕೆ ಒಂದು ಅಂಗುಲ ನೀರು ಬೇಕೆಂದಿಟ್ಟುಕೊಂಡರೆ, ೪೦ ಚದರಡಿಗೆ ಸುಮಾರು ೯೪ ಲೀಟರ್ ಆಗುವುದು. ಹದಿಮೂರು ಹದಿನಾಲ್ಕು ಲೀಟರಿನ ಕೊಡದಲ್ಲಿ ಏಳು ಕೊಡ. ಎಂಟು ಮಡಿಗಳಿದ್ದರೆ ದಿನಕ್ಕೆ ಎಂಟು ಕೊಡ. ಎಂಟು ಮನೆಗಳಿದ್ದರೆ ಮನೆಗೆ ಒಂದು ಕೊಡ. ಕಡುಬೇಸಗೆಯಲ್ಲಿ ಎರಡು. ಲೆಕ್ಕವಾಗಿ ನೋಡಿದರೆ ಇದು ಎಷ್ಟು ಸುಲಭ! ನ್ಯೂಯಾರ್ಕಿನವರು ಬೆಂಕಿ ಆರಿಸಲೆಂದು ಬೀದಿಯಲ್ಲಿಟ್ಟ ಕೊಳಾಯಿಗಳಿಂದ ಅನುಮತಿ ಪಡೆದು ನೀರು ಎಳೆಯುವರು. ನಮ್ಮಲ್ಲಿ ಸೊಪ್ಪು, ಅಕ್ಕಿ ತೊಳೆದ ನೀರೇ ಎಷ್ಟೋ ಕೊಡವಾದೀತು.

೭. ಕಟ್ಟಳೆಗಳು

ಮಣ್ಣಿಗಿಂತ ಮನುಷ್ಯರನ್ನು ಹದಮಾಡುವುದು ಕಷ್ಟ. ಒಬ್ಬರು ಬೆಳೆದ ಬದನೆಯನ್ನು ಇನ್ನೊಬ್ಬರು ಕೊಯ್ದರೆಂಬ ಜಗಳವು ಎಲ್ಲ ದೇಶಗಳಲ್ಲಿಯೂ ಒಂದೇ. ಆದುದರಿಂದ ಬೀಜ ಬಿತ್ತುವ ಮುಂಚೆ ಕಟ್ಟಳೆಗಳನ್ನು ಬರೆದಿಡುವುದು ಕ್ಷೇಮ. ಮಡಿಗಳು ಮನೆಗೊಂದರಂತೆ ಬೇರೆಯೋ, ಎಲ್ಲರಿಗೂ ಸಾಮಾನ್ಯವೋ? ಕಳೆ ಕೀಳುವ ದಿನ ಯಾವುದು? ಒಂದು ತಿಂಗಳು ಬಾರದವರ ಮಡಿಯನ್ನು ಯಾರಿಗೆ ಕೊಡಬೇಕು? ಹಣದ ಲೆಕ್ಕ ಯಾರ ಕೈಯಲ್ಲಿ? ಬೀಗದ ಕೈ ಯಾರ ಹತ್ತಿರ? ನ್ಯೂಯಾರ್ಕಿನ ತೋಟಗಳಿಗೆ ಇನ್ನೂ ಒಂದು ಕಟ್ಟಳೆಯುಂಟು: ಬೇಸಾಯದ ಕಾಲದಲ್ಲಿ ವಾರಕ್ಕೆ ಗೊತ್ತಾದ ಕೆಲವು ಗಂಟೆ ತೋಟವನ್ನು ಸರ್ವರಿಗೂ ತೆರೆದಿಡಬೇಕು. ಸರ್ವರ ನೆಲವು ಕೆಲವರ ಕೋಟೆಯಾಗಬಾರದೆಂಬುದೇ ಇದರ ಉದ್ದೇಶ.

೮. ನಮ್ಮ ತಪ್ಪು

ಬೀಗದ ಕೈ ಎಂದೆವಷ್ಟೆ. ಇಲ್ಲಿಗೆ ನಮ್ಮ ವೃತ್ತಾಂತ ಬಂದಿತು.

ಮೂರು ವರ್ಷಗಳ ಹಿಂದೆ ನವಂಬರಿನಲ್ಲಿ, ಹಿಂಗೋಡೆಯಾಚೆಯ ನಿವೇಶನದ ಒಡೆಯರ ಬಾಯಿಮಾತಿನ ಒಪ್ಪಿಗೆಯ ಮೇಲೆ, ಒಂಬತ್ತನೆಯ ತರಗತಿಯ ಹುಡುಗಿಯರೊಡನೆ ನಾವು ಅಲ್ಲಿ ತೋಟ ಆರಂಭಿಸಿದೆವು. ಹುಡುಗಿಯರು ಗಾಜು ಆರಿಸಿದರು, ಕಲ್ಲು ಹೊತ್ತರು, ಆರು ಮಡಿ ಮಾಡಿದರು. ಮಣ್ಣಿನ ಪರೀಕ್ಷೆ ಮಾಡಿಸಬೇಕೆಂದು ನಮಗೆ ಆಗ ಹೊಳೆಯಲಿಲ್ಲ. ಜನವರಿಯಲ್ಲಿ ಮೊದಲ ದಂಟು ಬಂದಿತು. ಹಾಸ್ಟೆಲಿನಲ್ಲಿ ಅದರ ಹುಳಿ ಮಾಡಿಸಿ ಎಲ್ಲರೂ ಉಂಡೆವು. ಅಷ್ಟು ರುಚಿಯಾದ ಹುಳಿಯನ್ನು ತಿಂದೇ ಇಲ್ಲವೆಂದು ಹುಡುಗಿಯರು ಹೇಳಿದರು. ಮಾರ್ಚಿಯಲ್ಲಿ ಪರೀಕ್ಷೆ ಬಂದಿತು, ಏಪ್ರಿಲಿನಲ್ಲಿ ರಜೆ ಬಂದಿತು. ಕದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನಾವು ನಮ್ಮ ಊರಿಗೆ ಹೋದೆವು. ನೀರಿನ ವಿಚಾರ ಯಾರಿಗೂ ನೆನಪಾಗಲಿಲ್ಲ, ಒಬ್ಬಳನ್ನು ಬಿಟ್ಟು.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಒಣಗಿದ ಕಡ್ಡಿಗಳು ಮಾತ್ರ ನಿಂತಿದ್ದವು. ಅವುಗಳ ಮೇಲೆ ಬೀದಿಯವರು ಮತ್ತೆ ಕಸ ಸುರಿದಿದ್ದರು. ಹುಡುಗಿಯರಿಗೆ ಶ್ರದ್ಧೆ ಸಾಲದೆಂದು ನಾವು ಪ್ರಾರ್ಥನೆಯ ವೇಳೆಯಲ್ಲಿ ಎಲ್ಲರ ಮುಂದೆ ಕಟುವಾಗಿ ಮಾತಾಡಿದೆವು. ಅದಾಗಿ ಎಷ್ಟೋ ದಿನಗಳ ಮೇಲೆ, ಶಾಲೆಯ ಆಯಾ ಹೇಳಿದ್ದರಿಂದ ನಮಗೆ ತಿಳಿದದ್ದೇನೆಂದರೆ, ಆ ಬೀದಿಯಲ್ಲಿಯೇ ಇದ್ದ ಒಬ್ಬ ಹುಡುಗಿಯು ರಜೆಯ ಮೊದಲ ವಾರವೆಲ್ಲ ದಿನವೂ ಬೆಳಿಗ್ಗೆ ಕೊಡ ಹೊತ್ತು ಬಂದು, ಕದಕ್ಕೆ ಬೀಗವಿರುವುದನ್ನು ಕಂಡು, ಸಲಾಕಿಗಳ ಸಂದಿನಿಂದ ಕೈಗೆಟುಕಿದ ಒಂದು ಮಡಿಗೆ ಮಾತ್ರ ನೀರೆರಚಿ ಹೋಗುತ್ತಿದ್ದಳಂತೆ. ಅವಳನ್ನು ಕರೆದು ಕೇಳಿದೆವು. ಮೊದಲೇ ಏಕೆ ಹೇಳಲಿಲ್ಲವೆಂದರೆ, “ನೀವು ಬೇಜಾರು ಮಾಡಿಕೊಳ್ಳುತ್ತೀರೆಂದು, ಮಿಸ್” ಎಂದಳು. ನಾವು ಅವಳ ಮುಂದೆಯೂ, ಮರುದಿನ ತರಗತಿಯ ಮುಂದೆಯೂ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಒಣಗಿದ ಬೆಂಡೆಯು ಚಿಗುರುವುದಿಲ್ಲ.

ಶ್ರದ್ಧೆಯು ಸಾಲದೆ ಆ ತೋಟ ಸತ್ತದ್ದಲ್ಲ. ಎಲ್ಲವೂ ಒಬ್ಬರ ಕೈಯಲ್ಲಿ ಇದ್ದುದರಿಂದ ಸತ್ತಿತು. ನೆರೆಹೊರೆಯ ತೋಟವೆಂದು ಹೆಸರಿಟ್ಟು ನಾವು ಮಾಡಿದ್ದು ಮುಖ್ಯೋಪಾಧ್ಯಾಯಿನಿಯ ತೋಟವನ್ನು. ಇದು ಮೂರನೆಯ ಪಾಠ. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ.

೯. ಅರಿಕೆ

ಈ ಸಾರಿ ಕ್ರಮವಾಗಿ ಹೊರಟಿದ್ದೇವೆ. ನಿವೇಶನದ ಒಡೆಯರು ಮೂರು ವರ್ಷಗಳ ಅವಧಿಗೆ ಬರೆದುಕೊಟ್ಟಿರುವರು. ನೆಲ ಬೇಕಾದರೆ ಆರು ತಿಂಗಳು ಮುಂಚೆ ತಿಳಿಸುವುದಾಗಿಯೂ ಪತ್ರದಲ್ಲಿದೆ. ಸೀಸಕ್ಕೂ ಸೇರಿಸಿ ಮಣ್ಣಿನ ಪರೀಕ್ಷೆಗೆ ಕಳುಹಿಸಿದ್ದೇವೆ. ಫಲಿತಾಂಶ ಏನೇ ಬರಲಿ, ಎತ್ತರದ ಮಡಿಗಳನ್ನೇ ಕಟ್ಟುವೆವು. ಮುಂಗಾರು ಹಿಡಿದೊಡನೆ ಎಂಟು ಮಡಿಗಳು ಏಳುವುವು. ನಾಲ್ಕನ್ನು ಶಾಲೆಯ ಹುಡುಗಿಯರು ನೋಡಿಕೊಳ್ಳುವರು. ಮಿಕ್ಕ ನಾಲ್ಕಕ್ಕೆ ಹಿಂಬೀದಿಯ ಮನೆಗಳವರೂ, ಊರಿನಲ್ಲಿರುವ ಹಳೆಯ ವಿದ್ಯಾರ್ಥಿನಿಯರೂ ಬೇಕಾಗಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಸಗೆಯ ರಜೆಯಲ್ಲಿ ನೀರಿನ ಪಾಳಿಗೆ ಹೆಸರು ಕೊಡುವವರು ಬೇಕು. ಮನೆಗೆ ದಿನಕ್ಕೆ ಎರಡು ಕೊಡ. ಲೆಕ್ಕವನ್ನು ಮೇಲೆ ಕೊಟ್ಟಿದ್ದೇವೆ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿರುವರು. ಮೊಸರಿನ ಭರವಸೆಯನ್ನು ನಾವು ಕೊಡಲಾರೆವು. ಮೂರು ವರ್ಷಗಳ ಮೇಲೆ ಒಡೆಯರು ನೆಲವನ್ನು ಹಿಂದಕ್ಕೆ ಕೇಳಲೂಬಹುದು, ಅದು ಅವರ ಹಕ್ಕು. ಆದರೆ ಆ ಮೂರು ವರ್ಷಗಳಲ್ಲಿ ಗಾಜಿನ ಚೂರಿದ್ದಲ್ಲಿ ಸೊಪ್ಪು ಬೆಳೆಯುವುದನ್ನು ಇನ್ನೂರು ಹುಡುಗಿಯರು ಕಂಡಿರುವರು. ಒಂದೇ ಬೀದಿಯಲ್ಲಿದ್ದೂ ಪರಸ್ಪರ ಹೆಸರರಿಯದ ಎಂಟು ಮನೆಗಳವರು ಒಂದೇ ಕೊಳಾಯಿಯ ಮುಂದೆ ನಿಂತಿರುವರು. ಅದನ್ನು ಯಾವ ಹರಾಜಿನಲ್ಲಿಯೂ ಮಾರಲಾಗದು.

ಕದದ ಬೀಗಕ್ಕೆ ಈಗ ಮೂರು ಕೈಗಳನ್ನು ಮಾಡಿಸಿದ್ದೇವೆ. ಒಂದು ಶಾಲೆಯ ಆಯಾಳ ಹತ್ತಿರ ಇರುವುದು, ಒಂದು ಹಿಂಬೀದಿಯ ಮನೆಯೊಂದರಲ್ಲಿ. ಮೂರನೆಯದನ್ನು, ಅಂದು ಕದದ ಹೊರಗೆ ಕೊಡ ಹೊತ್ತು ನಿಂತಿದ್ದ ನಮ್ಮ ಹುಡುಗಿಗೆ ಕೊಡಬೇಕೆಂದಿದ್ದೇವೆ. ಅವಳು ಈಗ ಹಳೆಯ ವಿದ್ಯಾರ್ಥಿನಿಯೇ. ಈ ಸಂಚಿಕೆಯು ಕೈಸೇರಿದೊಡನೆ ಅವಳು ಬಂದು ತೆಗೆದುಕೊಂಡು ಹೋಗಲಿ.